ಮರಳಿಗೆ ಹತ್ತಿ ಮತ್ತೆ ಕಡಲಿಗಿಳಿದ ಹಡಗು: ಐಎನ್‌ಎಸ್ ಮಗರ್

[ದೃಶ್ಯ: ಮಂಗಳೂರಿನ ತಣ್ಣೀರುಬಾವಿ ಕಡಲತೀರ, ಬೆಳಗ್ಗೆ]

ಅಲ್ಲಿ ನೋಡಿ, ಅಲೆ ದಡ ಮುಟ್ಟುವ ಮೊದಲೇ ಒಮ್ಮೆ ಒಡೀತಾ ಉಂಟು. ಅಡಿಯಲ್ಲಿ ಮರಳ ದಿಬ್ಬ ಇದ್ದರೆ ಹಾಗೆ. ಅಳಿವೆ ದಾಟುವ ನಮ್ಮ ಬೋಟಿನವರಿಗೆ ಇದರ ಭಯ ಗೊತ್ತು. ಆದರೆ ಯುದ್ಧದ ಟ್ಯಾಂಕ್ ಇಳಿಸುವ ಹಡಗು ಬೇಕೆಂದೇ ಮರಳಿಗೆ ಹತ್ತಬೇಕು, ಆಮೇಲೆ ತಾನಾಗಿಯೇ ಇಳಿದು ಹೋಗಬೇಕು.

[ದೃಶ್ಯ: ಮಗರ್‌ನ ಚಿತ್ರ]

ಅಂಥದ್ದೇ ಒಂದು ಹಡಗು ನಮ್ಮ ನೌಕಾಪಡೆಯ ಮಗರ್. ಮಗರ್ ಅಂದರೆ ಹಿಂದಿಯಲ್ಲಿ ಮೊಸಳೆ. ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಕಟ್ಟಿ, 1987ರ ಜುಲೈಯಲ್ಲಿ ನೌಕಾಪಡೆಗೆ ಸೇರಿತು. ಉದ್ದ 120 ಮೀಟರ್. 15 ಟ್ಯಾಂಕ್, 500 ಸೈನಿಕರಿಗೆ ಜಾಗ ಇತ್ತು. ಮೂತಿಯ ಎರಡು ಬಾಗಿಲು ಪಕ್ಕಕ್ಕೆ ತೆರೆದು, ವಾಹನಗಳು ಇಳಿಯುವ ಹಲಗೆಯಾದ ಒಳಗಿನ ರ‍್ಯಾಂಪ್ ಕೆಳಗಿಳಿಯುತ್ತಿತ್ತು.

[ದೃಶ್ಯ: ಇಳಿಜಾರಿನ ರೇಖಾಚಿತ್ರ]

ಮೊದಲು ನೋಡುವುದು ತೀರದ ಇಳಿಜಾರು. ಮಗರ್‌ಗೆ ಕನಿಷ್ಠ 40ಕ್ಕೆ 1 ಬೇಕಿತ್ತು, ಅಂದರೆ ಕಡಲ ಕಡೆಗೆ 40 ಅಡಿ ಹೋದರೆ ಒಂದು ಅಡಿ ಆಳ. ಅದಕ್ಕಿಂತ ಚಪ್ಪಟೆ ಇದ್ದರೆ ಹಡಗು ದೂರದಲ್ಲೇ ನಿಲ್ಲುತ್ತದೆ, ರ‍್ಯಾಂಪ್ ನೀರಿಗೇ ಬೀಳುತ್ತದೆ.

ಇಂಥ ಹಡಗುಗಳ ಕ್ರಮ ಹೀಗೆ: ಹಡಗಿನ ತೂಕ ಹೊಂದಿಸಲು ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕ್‌ಗಳ ನೀರನ್ನು ಹೊಂದಿಸಿ ಮೂತಿಯನ್ನು ಹಗುರ ಮಾಡುತ್ತಾರೆ. ದಡಕ್ಕೆ ಬರುವ ದಾರಿಯಲ್ಲೇ ಹಿಂಬದಿಯ ಲಂಗರು ಬಿಟ್ಟು, ಹಗ್ಗ ಸಡಿಲಿಸುತ್ತಾ ಮುಂದೆ ಬರುತ್ತಾರೆ. ಹೊರಡುವಾಗ ಅದೇ ಲಂಗರನ್ನು ಎಳೆದುಕೊಳ್ಳುತ್ತಾ ಎಂಜಿನ್ ಹಿಂದಕ್ಕೆ ಓಡಿಸಬೇಕು. ಕಡಲ ನೀರು ಏರುವ ಭರತದಲ್ಲೇ ಹತ್ತಬೇಕು. ಇಳಿತದಲ್ಲಿ ಹತ್ತಿದರೆ ಮುಂದಿನ ಭರತದವರೆಗೆ ಸಿಕ್ಕಿಬಿದ್ದ ಹಾಗೆ.

ಕೆಡುವುದು ಹೆಚ್ಚಾಗಿ ಲಂಗರಿನಿಂದ. ಅದನ್ನು ತಡವಾಗಿ ಬಿಟ್ಟರೆ, ಇಲ್ಲವೇ ಅದು ಮರಳಿನಲ್ಲಿ ಜಾರಿದರೆ, ಅಲೆ ಹಡಗಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಅಡ್ಡ ತಿರುಗಿದ ಹಡಗನ್ನು ಮತ್ತೆ ನೇರ ಮಾಡುವುದು ಬಹಳ ಕಷ್ಟ. ಎಂಜಿನ್ ತಂಪಿಗೆ ಎಳೆಯುವ ನೀರಿನ ಜೊತೆ ಮರಳು ಬಂದು ಪಂಪ್ ಕಟ್ಟಿಕೊಳ್ಳುವುದೂ ಉಂಟು. ಇನ್ನು ತೀರದ ಮುಂದಿನ ದಿಬ್ಬ: ಹಡಗು ಅದರ ಮೇಲೇ ಕೂತು, ದಡ ಸಿಕ್ಕಿತು ಎಂದು ಬಾಗಿಲು ತೆರೆದರೆ, ಮುಂದಿರುವುದು ಆಳ ನೀರು! ಆದ್ದರಿಂದ ಮೊದಲೇ ಆಳ ಅಳೆದು ಬರಬೇಕು.

[ದೃಶ್ಯ: 2004ರ ಸುನಾಮಿಯ ಚಿತ್ರಗಳು]

ಮಗರ್ ಸೇನೆಯ ಜೊತೆ ಬಹಳ ಅಭ್ಯಾಸ ಮಾಡಿದ ಹಡಗು, ಆದರೆ ಜನ ನೆನೆಯುವುದು ಬೇರೆ ಕೆಲಸಕ್ಕೆ. ಸುನಾಮಿಯಲ್ಲಿ 1,300ಕ್ಕೂ ಹೆಚ್ಚು ಮಂದಿಯನ್ನು ಸಾಗಿಸಿತು. 2018ರಲ್ಲಿ ಕೊಚ್ಚಿಯಲ್ಲಿ ತರಬೇತಿ ಹಡಗಾಯಿತು. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಮಾಲ್ದೀವ್ಸ್ ರಾಜಧಾನಿ ಮಾಲೆಯಿಂದ 202 ಮಂದಿಯನ್ನು ಕೊಚ್ಚಿಗೆ ಕರೆತಂದಿತು. 2023ರ ಮೇ 6ರಂದು ನಿವೃತ್ತಿ.

[ದೃಶ್ಯ: ಪಣಂಬೂರು, ನವಮಂಗಳೂರು ಬಂದರು]

ಇದೇ ಬಗೆಯ, ಮಗರ್‌ಗಿಂತ ಹೊಸ ಹಡಗು ಶಾರ್ದೂಲ್. ಕೋವಿಡ್ ಕಾಲದಲ್ಲೇ, 2021ರ ಮೇ ತಿಂಗಳಲ್ಲಿ, ಕೊಲ್ಲಿಯಿಂದ ಆಮ್ಲಜನಕ ಹೊತ್ತು ನಮ್ಮ ಪಣಂಬೂರಿಗೇ ಬಂತು. ಟ್ಯಾಂಕ್‌ಗಳಿಗೆಂದೇ ಕಟ್ಟಿದ ಹಡಗು, ಆ ದಿನ ಅದರ ಹೊಟ್ಟೆಯಿಂದ ಹೊರಬಂದದ್ದು ನಮ್ಮ ಆಸ್ಪತ್ರೆಗಳಿಗೆ ಬೇಕಿದ್ದ ಉಸಿರು.