ಚೆಂಡಿನ ಮೇಲೊಂದು ದಾರ: ಹಳೆಯ ಬೇಸ್‌ಬಾಲ್ ಕಾರ್ಡುಗಳ ಮುಖಗಳು

[ಪರದೆ: ಕಂದುಬಣ್ಣಕ್ಕೆ ತಿರುಗಿದ ಪುಟ್ಟ ಫೋಟೋ. ನಿಧಾನವಾಗಿ ಆಟಗಾರನ ಕೈಗಳ ಹತ್ತಿರಕ್ಕೆ]

ಎಲ್ಲರಿಗೂ ನಮಸ್ಕಾರ. ಈ ಬೇಸ್‌ಬಾಲ್ ಆಟಗಾರನನ್ನು ನೋಡಿ. ಎರಡೂ ಕೈ ಎತ್ತಿ ಚೆಂಡು ಹಿಡಿಯುತ್ತಿದ್ದಾನೆ. ಈಗ ಚೆಂಡಿನ ಮೇಲ್ಗಡೆ ಕಣ್ಣು ಹಾಯಿಸಿ. ಸಣ್ಣದೊಂದು ದಾರ ಕಾಣುತ್ತದೆ, ಅಲ್ವಾ? ಆ ಚೆಂಡನ್ನು ಯಾರೂ ಎಸೆದಿಲ್ಲ. ಮೇಲಿನಿಂದ ಇಳಿಬಿಟ್ಟಿದ್ದಾರೆ.

ಇದು ಓಲ್ಡ್ ಜಡ್ಜ್ ಸಿಗರೇಟ್ ಪ್ಯಾಕಿನಲ್ಲಿ ಸಿಗುತ್ತಿದ್ದ ಕಾರ್ಡು. ನ್ಯೂಯಾರ್ಕಿನ ಗುಡ್ವಿನ್ ಕಂಪನಿ 1887ರಿಂದ 1890ರವರೆಗೆ ಇವನ್ನು ಹೊರತಂದಿತು. ಎತ್ತರ ಸುಮಾರು ಎರಡೂವರೆ ಇಂಚು, ಅಷ್ಟೇ. ನಿಜವಾದ ಫೋಟೋವನ್ನೇ ರಟ್ಟಿಗೆ ಅಂಟಿಸುತ್ತಿದ್ದರು. ಹಲವು ಫೋಟೋಗಳು ಬ್ರೂಕ್ಲಿನ್‌ನ ಜೋಸೆಫ್ ಹಾಲ್ ಅವರ ಸ್ಟುಡಿಯೋದವು.

[ಪರದೆ: ಇನ್ನಷ್ಟು ಕಾರ್ಡುಗಳು, ಒಂದಾದ ಮೇಲೊಂದು]

ಸ್ಟುಡಿಯೋದ ಬೆಳಕಿನಲ್ಲಿ ಹಾರುವ ಚೆಂಡನ್ನು ಸೆರೆಹಿಡಿಯುವಷ್ಟು ಚುರುಕು ಆಗಿನ ಕ್ಯಾಮೆರಾಕ್ಕೆ ಇರಲಿಲ್ಲ. ಹಾಗಾಗಿ ಆಟವನ್ನೇ ನಿಲ್ಲಿಸಿದರು. ಹಿಂದೆ ಬಣ್ಣ ಬಳಿದ ಪರದೆ. ಬೇಸ್‌ಗೆ, ಅಂದರೆ ಓಡುವವನು ಮುಟ್ಟಬೇಕಾದ ಗುರುತಿನ ಜಾಗಕ್ಕೆ, ಜಾರುತ್ತಿರುವವನು ಸ್ಟುಡಿಯೋ ನೆಲದ ಮೇಲೆ ಸುಮ್ನೆ ಮಲಗಿದ್ದಾನೆ.

ನನಗೆ ತುಂಬಾ ಇಷ್ಟವಾಗುವುದು ಇದೇ. ಮೈದಾನದಲ್ಲಿ ಓಡುವವನ ಮುಖ ನಮಗೆ ಸಿಗುವುದಿಲ್ಲ. ಇಲ್ಲಿ ಅವನು ಅಲುಗಾಡದೆ ನಿಲ್ಲಬೇಕು. ಕೈ ಚೆಂಡಿನ ಹತ್ತಿರ, ಕಣ್ಣು ದಾರದ ಕಡೆ. ಮೀಸೆ ತಿದ್ದಿಕೊಂಡು ಬಂದ ಯುವಕನೊಬ್ಬ, ಫೋಟೋಗ್ರಾಫರ್ ಹೇಳಿದ ಹಾಗೆ, ಸ್ವಲ್ಪ ಸಂಕೋಚದಿಂದಲೇ ನಿಂತಿದ್ದಾನೆ. ಆ ಸಂಕೋಚವನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಾರರು.

[ಪರದೆ: ಕಿತ್ತಳೆ ಹಿನ್ನೆಲೆಯ ಕಾರ್ಡು]

ಈ ಕಾರ್ಡನ್ನು ನೀವು ನೋಡಿರಬಹುದು. 1909ರಿಂದ 1911ರವರೆಗೆ ಬಂದ ಟಿ206 ಎಂಬ ಸಿಗರೇಟ್ ಕಾರ್ಡು ಸರಣಿಯದು. ಇದರಲ್ಲಿರುವ ಆಟಗಾರ ಹೋನಸ್ ವ್ಯಾಗ್ನರ್. ಇದರ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಬೆಲೆಯ ಮಾತೇ ಜಾಸ್ತಿ. ಫೋಟೋ ತೆಗೆದವರ ಹೆಸರೂ ಹೇಳಬೇಕು: ಬಾಸ್ಟನ್ನಿನ ಕಾರ್ಲ್ ಹಾರ್ನರ್.

ಇಲ್ಲಿ ಬ್ಯಾಟೂ ಇಲ್ಲ, ಚೆಂಡೂ ಇಲ್ಲ. ನಡುಬೈತಲೆ, ಎತ್ತರದ ಕಾಲರ್, ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡುವ ಕಣ್ಣು. ಕಾರ್ಡು ಮಾಡುವಾಗ ಕಲ್ಲಚ್ಚಿನಲ್ಲಿ ಬಣ್ಣ ತುಂಬಿದರು. ಆದರೂ ಹಾರ್ನರ್ ಕಂಡ ಮುಖ ಅಳಿಸಿಲ್ಲ.

[ಪರದೆ: ಆಲ್ಬಮ್ ಪುಟಗಳು]

ಆ ಸರಣಿಗೆ ಟಿ206 ಎಂಬ ಗುರುತು ಕೊಟ್ಟವರು ಕಾರ್ಡು ಸಂಗ್ರಾಹಕ ಜೆಫರ್ಸನ್ ಬರ್ಡಿಕ್. ಸಿರಕ್ಯೂಸ್ ಊರಿನ ಕಾರ್ಖಾನೆ ಕೆಲಸಗಾರ. ಕೀಲುನೋವಿನಿಂದ ಬೆರಳು ಸೊಟ್ಟಗಾಗಿದ್ದರೂ ಕಾರ್ಡುಗಳನ್ನು ತಾವೇ ಆಲ್ಬಮ್‌ಗೆ ಅಂಟಿಸಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು. ಮಾರ್ಚಿನಲ್ಲಿ ತೀರಿಕೊಂಡರು.

ಅವರು ಕೊಟ್ಟ ಓಲ್ಡ್ ಜಡ್ಜ್ ಕಾರ್ಡುಗಳು ಮ್ಯೂಸಿಯಂನ ವೆಬ್‌ಸೈಟಿನಲ್ಲಿವೆ. ಒಂದನ್ನು ತೆರೆದು ದೊಡ್ಡದು ಮಾಡಿ. ಮೊದಲು ದಾರ ಹುಡುಕಿ. ಆಮೇಲೆ ಅವನ ಕಣ್ಣು ನೋಡಿ.