ಬ್ಯಾಂಜೊ ಅಂದ್ರೆ ಅರ್ಧ ಹಲಗೆ

ನಮಸ್ಕಾರ. ಮೊದಲು ಒಂದು ಸದ್ದು ಕೇಳಿ. ಟಕ್. ಕೇಳಿಸ್ತಾ? ಇನ್ನೊಮ್ಮೆ. ಟಕ್. ಇದು ತಬಲಾ ಅಲ್ಲ, ಹಲಗೆಯೂ ಅಲ್ಲ. ನನ್ನ ತೊಡೆಯ ಮೇಲಿರುವ ಹಳೇ ಬ್ಯಾಂಜೊ. ಹೋದ ವರ್ಷ ಇದೇ ಜಾಗಕ್ಕೆ ಬೆರಳು ತಟ್ಟಿದ್ದರೆ ಮಳೆಯಲ್ಲಿ ನೆನೆದ ರಟ್ಟಿನ ಡಬ್ಬಿಗೆ ತಟ್ಟಿದ ಹಾಗೆ ‘ಬೊದ್’ ಅನ್ನುತ್ತಿತ್ತು. ಆ ಬೊದ್ ಹೇಗೆ ಟಕ್ ಆಯಿತು ಅನ್ನೋದೇ ಇವತ್ತಿನ ಮಾತು.

ನಮ್ಮ ಕಲಬುರಗಿಯಲ್ಲಿ ಬ್ಯಾಂಜೊ ಅಂದರೆ ಜನರಿಗೆ ನೆನಪಾಗುವುದು ಬೇರೆಯದೇ ವಾದ್ಯ. ಉರುಸಿನಲ್ಲಿ ಕವ್ವಾಲಿ ಕೇಳಿದವರಿಗೆ ಗೊತ್ತು. ಹಾರ್ಮೋನಿಯಂ ಪಕ್ಕದಲ್ಲಿ ಉದ್ದನೆಯ ಪೆಟ್ಟಿಗೆ, ಅದರ ಮೇಲೆ ಟೈಪ್‌ರೈಟರ್ ಥರ ಗುಂಡಿಗಳು, ಒಂದು ಕೈಯಲ್ಲಿ ಗುಂಡಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ತಂತಿ ಮೀಟುತ್ತಾರೆ. ಅದು ಬುಲ್‌ಬುಲ್ ತರಂಗ್. ಜಪಾನಿನಲ್ಲಿ 1912ರಲ್ಲಿ ಹುಟ್ಟಿದ ತೈಶೊಗೊತೊ ಅನ್ನುವ ವಾದ್ಯ ನಮ್ಮ ಕಡೆ ಬಂದು ಹಾಗಾಯಿತು, ಜನ ಅದಕ್ಕೆ ಬ್ಯಾಂಜೊ ಅಂದರು. ನನ್ನದು ಅದಲ್ಲ. ನನ್ನದು ದುಂಡಗಿನ ಹೊಟ್ಟೆಯ, ಉದ್ದ ಕತ್ತಿನ, ಐದು ತಂತಿಯ ಅಮೆರಿಕದ ಬ್ಯಾಂಜೊ.

ಅಮೆರಿಕದ್ದು ಅಂದೆ, ಆದರೆ ಅದರ ಬೇರು ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಜನ ತಮ್ಮ ಜೊತೆ ಆ ವಾದ್ಯದ ನೆನಪನ್ನು ಒಯ್ದರು. ಸೆನೆಗಲ್, ಗ್ಯಾಂಬಿಯಾ ಕಡೆ ಇವತ್ತಿಗೂ ಅಕೊಂಟಿಂಗ್ ಅಂತ ಒಂದು ವಾದ್ಯ ಇದೆ. ಸೋರೆ ಬುರುಡೆಗೆ ತೊಗಲು ಬಿಗಿದು, ಕೋಲು ಚುಚ್ಚಿ, ತಂತಿ ಎಳೆದಿರುತ್ತಾರೆ. ಇದನ್ನು ಕೇಳಿದಾಗ ನನಗೆ ಎಲ್ಲಮ್ಮನ ಭಕ್ತರ ಚೌಡಿಕೆ ನೆನಪಾಯಿತು. ಅದರಲ್ಲೂ ತೊಗಲಿದೆ, ಅದರಲ್ಲೂ ತಂತಿ ಇದೆ. ಹಾಗಾಗಿ ಈ ಜಾತಿಯ ವಾದ್ಯ ನಮಗೆ ಪೂರಾ ಹೊಸದೇನಲ್ಲ.

ಇದು ನನ್ನ ಕೈಗೆ ಸಿಕ್ಕಿದ್ದು ಹೈದರಾಬಾದಿನ ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ, ಹಳೇ ಮಿಕ್ಸರ್‌ಗಳ ಮತ್ತು ಸೈಕಲ್ ಬಿಡಿಭಾಗಗಳ ನಡುವೆ. ಮಾರುವವನಿಗೆ ಇದು ಡ್ರಮ್ಮೋ ಗಿಟಾರೋ ಗೊತ್ತಿರಲಿಲ್ಲ. ನನಗೂ ಅಷ್ಟೇನೂ ಗೊತ್ತಿರಲಿಲ್ಲ ಅನ್ನಿ. ಎರಡು ಸಾವಿರಕ್ಕೆ ಮಾತು ಮುಗಿಯಿತು. ಅಗ್ಗದ ಮಾಲು, ಹೊಟ್ಟೆಯ ಸುತ್ತ ಅಲ್ಯೂಮಿನಿಯಂ ಬಳೆ, ಮೇಲೆ ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಪರದೆ, ಅದನ್ನು ಎಳೆದು ಹಿಡಿಯಲು ಸುತ್ತಲೂ ಮೂವತ್ತು ಕೊಕ್ಕೆ. ಒಳ್ಳೆ ಬ್ಯಾಂಜೊಗಳಲ್ಲಿ ಬಳೆ ಮರದ್ದಿರುತ್ತದೆ, ಅದರ ಮೇಲೆ ಭಾರದ ಲೋಹದ ಉಂಗುರ ಕೂರಿಸಿರುತ್ತಾರೆ. ಆ ಭಾಗ್ಯ ಇದಕ್ಕಿಲ್ಲ.

ಮನೆಗೆ ತಂದು ಮೀಟಿದೆ. ಸದ್ದು ಸತ್ತಿತ್ತು. ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು, ಸೀದಾ ಹೋಗಿ ಹೊಸ ತಂತಿ ತಂದೆ. ಬ್ಯಾಂಜೊ ತಂತಿಯ ತುದಿಯಲ್ಲಿ ಕುಣಿಕೆ ಇರುತ್ತದೆ, ನಮ್ಮೂರಲ್ಲಿ ಅದು ಸಿಗಲಿಲ್ಲ. ಗಿಟಾರ್ ತಂತಿಯ ತುದಿಯಲ್ಲಿ ಹಿತ್ತಾಳೆಯ ಸಣ್ಣ ಗುಂಡು ಇರುತ್ತದಲ್ಲ, ಅದನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಒಡೆದು ತೆಗೆದರೆ ಉಳಿಯುವುದು ಕುಣಿಕೆಯೇ. ಮೊದಲನೇ ಮತ್ತು ಐದನೇ ತಂತಿಗೆ ಗಿಟಾರಿನ ಅತಿ ತೆಳುವಾದ 10ನೇ ನಂಬರಿನ ತಂತಿ ಸಾಕು. ದಪ್ಪದ್ದು ಹಾಕಬೇಡಿ, ಕತ್ತು ಬಾಗುತ್ತದೆ. ಇಷ್ಟೆಲ್ಲ ಮಾಡಿ ಮತ್ತೆ ಮೀಟಿದೆ. ತಂತಿ ಫಳಫಳ ಹೊಳೆಯುತ್ತಿತ್ತು, ಸದ್ದು ಮಾತ್ರ ಅದೇ ಬೊದ್.

ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ನಮ್ಮ ಓಣಿಯ ಮೂಲೆಯಲ್ಲಿ ಹುಡುಗರು ಕಸ ಕಾಗದ ಗುಡ್ಡೆ ಹಾಕಿ ಬೆಂಕಿ ಮಾಡಿದ್ದರು, ಹಲಗೆ ಬಾರಿಸುವ ಕಾಕಾ ಒಬ್ಬರು ಹಲಗೆಯನ್ನು ಆ ಬೆಂಕಿಗೆ ಹಿಡಿದು, ತಿರುಗಿಸಿ, ಬೆರಳಿನಿಂದ ತಟ್ಟಿ ಕೇಳಿ, ಮತ್ತೆ ಹಿಡಿದು, ಹೀಗೇ ಕಾಸುತ್ತಾ ಕೂತಿದ್ದರು. ನಾನು ಸುಮ್ನೆ ತಮಾಷೆಗೆ ಬ್ಯಾಂಜೊ ತಂದು ತೋರಿಸಿದೆ. ಅವರು ತಂತಿ ಮುಟ್ಟಲೇ ಇಲ್ಲ. ಹೊಟ್ಟೆಯ ಮೇಲೆ ಎರಡು ಸಲ ತಟ್ಟಿದರು. “ಇದರ ತೊಗಲು ಸಡ್ಲ ಅದರಿ. ತಂತಿ ಏನ್ ಮಾಡ್ತದ ಪಾಪ?” ಅಂದವರೇ ಬೆಂಕಿಯ ಕಡೆ ಹಿಡಿಯಲು ಹೋದರು! “ಕಾಕಾ, ಪ್ಲಾಸ್ಟಿಕ್ ಅದ, ಕರಗ್ತದ” ಅಂತ ಕೂಗಿ ಕಸಿದುಕೊಂಡೆ. ಅವರು ನಕ್ಕರು. “ಪ್ಲಾಸ್ಟಿಕ್ ಇರಲಿ, ಬಿಗಿ ಬೇಕಲ್ರಿ?”

ಅವತ್ತು ನನಗೆ ಹೊಳೆಯಿತು. ಬ್ಯಾಂಜೊ ಮೊದಲು ಚರ್ಮವಾದ್ಯ, ಆಮೇಲೆ ತಂತಿವಾದ್ಯ. ತಂತಿ ತಾನಾಗಿ ಎಷ್ಟು ಗಾಳಿ ಅಲ್ಲಾಡಿಸೀತು? ಅದು ಅಲ್ಲಾಡಿದ್ದು, ಪರದೆಯ ಮೇಲೆ ತಂತಿಗಳನ್ನು ಹೊತ್ತು ನಿಂತ ಬ್ರಿಜ್ ಮೂಲಕ ಪರದೆಗೆ ಹೋಗಬೇಕು, ಪರದೆ ಗಾಳಿಯನ್ನು ತಳ್ಳಬೇಕು. ಗಿಟಾರಿನ ಮೇಲ್ಮೈಯ ಮರದ ಹಲಗೆಗಿಂತ ಈ ಪರದೆ ಬಹಳ ಹಗುರ, ಅದಕ್ಕೇ ತಂತಿಯ ಕಸುವನ್ನು ಒಂದೇ ಸಲಕ್ಕೆ ಹೀರಿ ಜೋರಾಗಿ ಕೂಗಿ ತಕ್ಷಣ ಸುಮ್ಮನಾಗುತ್ತದೆ. ಬ್ಯಾಂಜೊದ ಆ ಪಟಪಟ ಸದ್ದಿನ ಗುಟ್ಟೇ ಇದು. ಪರದೆ ಸಡಿಲ ಇದ್ದರೆ ಕಸುವೆಲ್ಲ ಹಾಸಿಗೆ ಮೇಲೆ ಬಿದ್ದ ಕಲ್ಲಿನ ಹಾಗೆ ಅಲ್ಲೇ ಹೂತುಹೋಗುತ್ತದೆ.

ನಿಮ್ಮದು ಸಡಿಲ ಇದೆಯೋ ಇಲ್ಲವೋ ನೋಡಬೇಕಾದರೆ ಬ್ರಿಜ್ ಪಕ್ಕದಲ್ಲಿ ಪರದೆಯ ಮೇಲೆ ಒಂದು ಉಕ್ಕಿನ ಸ್ಕೇಲ್ ಇಡಿ. ಬ್ರಿಜ್ಜಿನ ಕಾಲ ಕೆಳಗೆ ಪರದೆ ಹೊಂಡದ ಹಾಗೆ ಇಳಿದಿದ್ದರೆ, ಸಡಿಲ ಅಂತಲೇ ಅರ್ಥ. ನನ್ನದರಲ್ಲಿ ಹೊಂಡ ಅಲ್ಲ, ಬಾವಿ ಇತ್ತು.

ಬಿಗಿಯುವುದಕ್ಕೆ ಸಣ್ಣ ಬಾಕ್ಸ್ ಪಾನಾ ಬೇಕು, ಅಷ್ಟೇ. ಕೊಕ್ಕೆಗಳ ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಒಂದೊಂದು ಹನಿ ಎಣ್ಣೆ ಬಿಡಿ. ಆಮೇಲೆ ಟ್ರ್ಯಾಕ್ಟರ್ ಗಾಲಿಯ ನಟ್ಟು ಬಿಗಿಯುವ ಹಾಗೆ ಎದುರುಬದುರಾಗಿ ಹೋಗಬೇಕು, ಒಂದು ಕಡೆಯಿಂದ ಸಾಲಾಗಿ ಬಿಗಿಯುತ್ತಾ ಹೋದರೆ ಬಳೆ ಸೊಟ್ಟಗಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಕಡಿಮೆಯಾದರೂ ಸರಿ. ಮೂವತ್ತೂ ಮುಗಿದ ಮೇಲೆ ತಂತಿಗೆ ಬಟ್ಟೆ ಹೊದಿಸಿ, ಪ್ರತಿ ಕೊಕ್ಕೆಯ ಹತ್ತಿರ ಒಂದು ಇಂಚು ಒಳಗೆ ಬೆರಳು ತಟ್ಟಿ ಕೇಳಿ. ತಬಲಾದವರು ಸುತ್ತಲೂ ತಟ್ಟಿ, ಸುತ್ತಿಗೆಯಲ್ಲಿ ಸಮ ಮಾಡಿಕೊಳ್ಳುತ್ತಾರಲ್ಲ, ಅದೇ ಕೆಲಸ. ಎಲ್ಲಿ ಸ್ವರ ಇಳಿದಿದೆಯೋ ಅಲ್ಲಿ ತುಸು ಬಿಗಿ. ಎಲ್ಲ ಕಡೆ ಒಂದೇ ಸ್ವರ ಬಂದ ಮೇಲೆ ಮತ್ತೊಂದು ಸುತ್ತು. ನಾನು ಇದನ್ನು ನಾಲ್ಕು ದಿನ ಮಾಡಿದೆ, ದಿನಕ್ಕೆ ಒಂದೇ ಸುತ್ತು, ನಡುವೆ ಅದನ್ನು ಸುಮ್ಮನೆ ಗೋಡೆಗೆ ಒರಗಿಸಿಟ್ಟು ಪರದೆಗೂ ಹೊಂದಿಕೊಳ್ಳಲು ಬಿಟ್ಟೆ. ಮನೆಯವರು ಇದೇನು ಗಡಿಯಾರಕ್ಕೆ ಕೀಲಿ ಕೊಡ್ತೀರಾ ಅಂದರು.

ಎಲ್ಲಿ ನಿಲ್ಲಿಸಬೇಕು? ಹನ್ನೊಂದು ಇಂಚಿನ ಪರದೆಗೆ ಆಡುವವರು ಸಾಮಾನ್ಯವಾಗಿ ಜಿ ಶಾರ್ಪ್ ಹತ್ತಿರ ಇಡುತ್ತಾರೆ. ಹಾರ್ಮೋನಿಯಂ ಇದ್ದವರಿಗೆ ಇದು ಕರಿ ನಾಲ್ಕು, ಹಾಡುವವರು ಕಾಳಿ ಚಾರ್ ಅನ್ನೋದು. ನಾನು ಕರಿ ಮೂರಕ್ಕೇ ಕೈಬಿಟ್ಟೆ. ಹಳೇ ಕೊಕ್ಕೆಗಳು ಬಾಗತೊಡಗಿದ್ದವು, ಪರದೆ ಎಷ್ಟು ವರ್ಷದ್ದೋ. ಇನ್ನೊಂದು ಮಾತು. ಪರದೆ ಬಿಗಿದ ಹಾಗೆಲ್ಲ ಬ್ರಿಜ್ ಮೇಲೇಳುತ್ತದೆ, ತಂತಿಗಳು ಬೆರಳಿನಿಂದ ದೂರವಾಗುತ್ತವೆ, ಶ್ರುತಿಯೂ ಏರುತ್ತದೆ. ಹಾಗಾದಾಗ ಗಾಬರಿಯಾಗಿ ಪರದೆ ಸಡಿಲ ಮಾಡಬೇಡಿ.

ಹಾಗೆ ದೂರವಾದಾಗಲೇ ನನ್ನ ಕಣ್ಣು ಬ್ರಿಜ್ ಮೇಲೆ ಬಿತ್ತು. ಮೂರು ಕಾಲಿನ ಸಣ್ಣ ಮರದ ತುಂಡು ಅದು, ಅಂಟು ಹಾಕಿರುವುದಿಲ್ಲ, ತಂತಿಯ ಒತ್ತಡಕ್ಕೇ ನಿಂತಿರುತ್ತದೆ. ನನ್ನದರ ಒಂದು ಕಾಲು ಮುರಿದಿತ್ತು. ಪರಿಚಯದ ಬಡಗಿಯ ಹತ್ತಿರ ಬೀಟೆ ಮರದಲ್ಲಿ ಹೊಸದು ಮಾಡಿಸಿದೆ. ಪಾಪ, ಪ್ರೀತಿಯಿಂದ ಮಾಡಿದ್ದರು, ಮಂಚದ ಕಾಲಿನ ಹಾಗೆ ಗಟ್ಟಿಮುಟ್ಟಾಗಿ! ಹಾಕಿ ಮೀಟಿದರೆ ಬಾಯಿಗೆ ಬಟ್ಟೆ ಕಟ್ಟಿದಂತೆ ಸದ್ದು. ಪಿಟೀಲಿನವರು ಸದ್ದು ತಗ್ಗಿಸಬೇಕಾದರೆ ಬ್ರಿಜ್ ಮೇಲೆ ಮ್ಯೂಟ್ ಅಂತ ಒಂದು ತುಂಡು ಸಿಕ್ಕಿಸುತ್ತಾರೆ. ಅದು ಮಾಡುವುದು ಬ್ರಿಜ್ಜಿನ ಭಾರ ಹೆಚ್ಚಿಸುವ ಕೆಲಸವನ್ನೇ. ನಾನು ದುಡ್ಡು ಕೊಟ್ಟು ಅದನ್ನೇ ಮಾಡಿಸಿಕೊಂಡಿದ್ದೆ.

ಒಳ್ಳೆ ಬ್ರಿಜ್ಜುಗಳು ಎರಡು, ಎರಡೂವರೆ ಗ್ರಾಂ ತೂಗುತ್ತವೆ. ಮನೆಯ ತಕ್ಕಡಿಯಲ್ಲಿ ಅದು ಹೇಗೆ ಗೊತ್ತಾಗಬೇಕು? ಸರಾಫ್ ಬಜಾರಿಗೆ ಹೋಗಿ ಬಂಗಾರದ ತಕ್ಕಡಿಯಲ್ಲಿ ಇಡಿಸಿದೆ. ಐದು ಗ್ರಾಂ ಚಿಲ್ಲರೆ. ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ “ಇದು ಏನಂತ ತೂಕ ಮಾಡಲಿ?” ಅಂದರು. ಮನೆಗೆ ಬಂದು ಮರಳು ಕಾಗದದಲ್ಲಿ ಉಜ್ಜಿದೆ, ಮೇಲ್ಭಾಗ ತೆಳ್ಳಗೆ, ಕೆಳಭಾಗ ತುಸು ದಪ್ಪ, ಕಾಲುಗಳು ಪರದೆಗೆ ಪೂರಾ ತಾಗುವಂತೆ ಸಪಾಟು. ಎರಡನೇ ಸಲ ಹೋದಾಗ ಮೂರು ಗ್ರಾಂ. ಮೂರನೇ ಸಲ ಎರಡೂವರೆ, ಅವತ್ತು ಅವರು ಚಹಾ ಕುಡಿಸಿದರು. ಎತ್ತರ ಸುಮಾರು 16 ಮಿಲಿಮೀಟರ್ ಉಳಿಸಿಕೊಂಡೆ. ಸದ್ದಿನಲ್ಲಿ ಆದ ವ್ಯತ್ಯಾಸ ಪಕ್ಕದ ಮನೆಯವರಿಗೂ ಕೇಳಿಸಿತು, ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ.

ಬ್ರಿಜ್ ಇಡುವ ಜಾಗ ಅಂದಾಜಿನದ್ದಲ್ಲ. ಕತ್ತಿನ ಮೇಲಿನ ತುದಿಯ ಪಟ್ಟಿಯಿಂದ ಹನ್ನೆರಡನೇ ಫ್ರೆಟ್ಟಿಗೆ, ಅಂದರೆ ಕತ್ತಿನ ಮೇಲೆ ಅಡ್ಡಲಾಗಿರುವ ಹನ್ನೆರಡನೇ ಲೋಹದ ಪಟ್ಟಿಗೆ, ಎಷ್ಟು ದೂರವೋ, ಅಲ್ಲಿಂದ ಬ್ರಿಜ್ಜಿಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಹನ್ನೆರಡರಲ್ಲಿ ಒತ್ತಿ ಮೀಟಿ ಸ್ವರ ಕೇಳಿ, ಅದು ಒತ್ತದ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸಪ್ತಕ ಮೇಲಿರಬೇಕು. ಏರಿದ್ದರೆ ಬ್ರಿಜ್ಜನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ದಪ್ಪ ತಂತಿಯ ಕಡೆ ತುಸು ಹಿಂದೆ ಹೋದರೆ ಒಳ್ಳೇದು.

ಉಳಿದದ್ದು ಚಿಲ್ಲರೆ ಕೆಲಸ. ಹೊಟ್ಟೆಯೊಳಗೆ ಕತ್ತನ್ನು ಹಿಡಿದಿರುವ ಕಬ್ಬಿಣದ ಸಲಾಕೆ ಇದೆ, ನನ್ನದರ ನಟ್ಟು ಸಡಿಲವಾಗಿ ಕತ್ತೇ ಅಲ್ಲಾಡುತ್ತಿತ್ತು. ಅಲ್ಲಾಟ ನಿಲ್ಲುವಷ್ಟು ಮಾತ್ರ ಬಿಗಿದೆ. ತಂತಿ ಕಟ್ಟುವ ಹಿಂಬದಿಯ ತಗಡನ್ನು ಕೆಳಕ್ಕೆ ಒತ್ತಿದಷ್ಟೂ ಸದ್ದು ಚುರುಕಾಗುತ್ತದೆ, ಎತ್ತಿದಷ್ಟೂ ದುಂಡಗಾಗುತ್ತದೆ. ಅದು ಅವರವರ ಕಿವಿಗೆ ಬಿಟ್ಟಿದ್ದು. ನನಗೆ ಎತ್ತಿದ್ದೇ ಇಷ್ಟ.

ಇಷ್ಟಾದ ಮೇಲೆ ಹೊಸ ತಲೆನೋವು. ಸದ್ದಿಗೆ ಜೀವ ಬಂದು ಜಾಸ್ತಿಯಾಗಿ, ಪ್ರತಿ ಮೀಟಿಗೂ ಹಿಂದೆ ತಗಡಿನ ‘ಝಂಯ್’ ಉಳಿಯತೊಡಗಿತು. ಅಲ್ಯೂಮಿನಿಯಂ ಬಳೆಯ ಗುಣ ಅದು, ಪೂರ್ತಿ ಹೋಗುವುದಿಲ್ಲ. ಮಗನ ಶಾಲೆಯ ಒಂಟಿ ಸಾಕ್ಸ್ ಒಂದನ್ನು ಸುತ್ತಿ ಸಲಾಕೆಗೂ ಪರದೆಗೂ ನಡುವೆ, ಕತ್ತಿನ ಕಡೆ, ಹಗುರವಾಗಿ ತುರುಕಿದೆ. ಝಂಯ್ ಮುಕ್ಕಾಲು ಪಾಲು ಹೋಯಿತು. ಒಳ್ಳೊಳ್ಳೆ ವಾದಕರೂ ಬಟ್ಟೆ ತುರುಕುತ್ತಾರೆ, ನಾಚಿಕೆ ಏನಿಲ್ಲ. ಇನ್ನೊಂದು ಸಾಕ್ಸ್ ಎಲ್ಲಿ ಅಂತ ಮನೆಯಲ್ಲಿ ಇನ್ನೂ ಹುಡುಕುತ್ತಿದ್ದಾರೆ, ಈ ಭಾಷಣ ಕೇಳಿದರೆ ಗೊತ್ತಾಗುತ್ತದೆ.

ಮೊನ್ನೆ ಕಾಕಾ ಸಿಕ್ಕಿದ್ದರು. ಮನೆಗೆ ಕರೆದು ಬ್ಯಾಂಜೊ ಕೈಗೆ ಕೊಟ್ಟೆ. ಈ ಸಲವೂ ತಂತಿ ಮುಟ್ಟಲಿಲ್ಲ. ತಟ್ಟಿದರು, ಕಿವಿ ಹತ್ತಿರ ಹಿಡಿದು ಮತ್ತೆ ತಟ್ಟಿದರು. “ಈಗ ಛಲೋ ಅದ ನೋಡ್ರಿ. ಆದ್ರ ಇನ್ನ ತಿರುವಬ್ಯಾಡ್ರಿ, ಹರೀತದ.”

ನಾನು ಆಗಲೇ ಪಾನಾ ಕೈಯಲ್ಲಿ ಹಿಡಿದಿದ್ದೆ.