ಎರಡು ನಿಮಿಷದ ವಿಮಾನ

ಎಲ್ಲರಿಗೂ ನಮಸ್ಕಾರ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಅದರಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಅಕ್ಕಪಕ್ಕದ ಎರಡು ದ್ವೀಪಗಳು. ಎರಡರಲ್ಲೂ ಪುಟ್ಟ ವಿಮಾನ ನಿಲ್ದಾಣ ಇದೆ. ನಡುವಿನ ದೂರ 2.7 ಕಿ.ಮೀ. ನಮ್ಮ ಬೆಂಗಳೂರು ವಿಮಾನ ನಿಲ್ದಾಣದ ಒಂದೊಂದು ರನ್‌ವೇ ಉದ್ದವೇ 4 ಕಿ.ಮೀ.! ಲೋಗನೇರ್ ಕಂಪನಿ 1967ರಿಂದ ಈ ಹಾರಾಟ ನಡೆಸುತ್ತಾ ಬಂದಿದೆ. ವೇಳಾಪಟ್ಟಿಯಲ್ಲಿ ಕೊಟ್ಟಿರುವುದು ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದಾಗ ಸ್ಟುವರ್ಟ್ ಲಿಂಕ್‌ಲೇಟರ್ ಎಂಬ ಪೈಲಟ್ 53 ಸೆಕೆಂಡಿನಲ್ಲೇ ಮುಟ್ಟಿಸಿದ್ದರು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಎರಡು ನಿಮಿಷಕ್ಕೆ 2.7 ಕಿ.ಮೀ. ಅಂದರೆ ಗಂಟೆಗೆ 81 ಕಿ.ಮೀ. ಕಾರಿನ ವೇಗ ಅಷ್ಟೇ, ಅಲ್ವಾ? ಆದರೆ ವಿಮಾನ ಅಷ್ಟು ನಿಧಾನವಾಗಿ ಹಾರುವುದಿಲ್ಲ. ಅದು ಗಾಳಿಗೆ ಎದುರಾಗಿ ಮೇಲೇಳಬೇಕು, ಇಳಿಯುವಾಗಲೂ ಗಾಳಿಗೆ ಎದುರಾಗಿಯೇ ಇಳಿಯಬೇಕು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೋ ಅದಕ್ಕೆ ತಕ್ಕಂತೆ ಒಂದು ಸುತ್ತು ಹೊಡೆಯಬೇಕಾಗುತ್ತದೆ. ಇಷ್ಟು ಸಣ್ಣ ದೂರದಲ್ಲಿ ಆ ಒಂದು ಸುತ್ತೇ ಪ್ರಯಾಣದ ದೊಡ್ಡ ಪಾಲು.

ಇಂಟರ್ನೆಟ್ಟಿನಲ್ಲಿ ದೂರ ಲೆಕ್ಕ ಹಾಕಿಕೊಡುವ ಕೆಲವು ಕ್ಯಾಲ್ಕುಲೇಟರ್‌ಗಳು ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಮೇಲೇರುವುದಕ್ಕೆ, ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತವೆ. ದೆಹಲಿಗೋ ದುಬೈಗೋ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಪಾಪಾ ವೆಸ್ಟ್ರೇಗೆ ಹಾಕಿದರೆ ಅರ್ಧ ಗಂಟೆ ಅನ್ನುತ್ತದೆ. ನಗು ಬರುತ್ತದೆ.

ಹವಾಯಿಯಲ್ಲಿ ಇನ್ನೊಂದು ಬಗೆ. ಹೊನೊಲುಲುವಿನಿಂದ ಮಾವಿ ದ್ವೀಪದ ಕಹುಲುಯಿಗೆ ಸುಮಾರು 160 ಕಿ.ಮೀ. ಟಿಕೆಟ್ಟಿನಲ್ಲಿ ಸುಮಾರು 40 ನಿಮಿಷ ಅಂತ ಇರುತ್ತದೆ. ಜೆಟ್ ವಿಮಾನಕ್ಕೆ ಇದು ಜಾಸ್ತಿಯೇ. ಆದರೆ ಆ ಸಮಯ ವಿಮಾನ ಗೇಟು ಬಿಟ್ಟಾಗಿನಿಂದ ಇನ್ನೊಂದು ಗೇಟು ಸೇರುವವರೆಗಿನದು. ರನ್‌ವೇವರೆಗೆ ಉರುಳಿಕೊಂಡು ಹೋಗುವುದು, ಸರದಿಗೆ ಕಾಯುವುದು ಎಲ್ಲ ಅದರಲ್ಲೇ ಸೇರಿದೆ.

ಆರ್ಕ್ನಿಯಲ್ಲಿ ಹಾರುವ ವಿಮಾನದ ಹೆಸರು ಐಲ್ಯಾಂಡರ್. ಎರಡು ಎಂಜಿನ್, ಎಂಟು ಪ್ರಯಾಣಿಕರು, ಒಬ್ಬರೇ ಪೈಲಟ್. ತಯಾರಿ ಶುರುವಾದದ್ದೂ ಒಂದು ದ್ವೀಪದಲ್ಲೇ, ಇಂಗ್ಲೆಂಡಿನ ಐಲ್ ಆಫ್ ವೈಟ್‌ನಲ್ಲಿ. ಚಿಕ್ಕ ರನ್‌ವೇ ಇದ್ದರೂ ಸಾಕು, ಇದು ಎದ್ದು ಇಳಿಯುತ್ತದೆ.

ಎರಡು ನಿಮಿಷಕ್ಕೆ ವಿಮಾನ ಯಾಕೆ, ದೋಣಿ ಸಾಲದೇ ಅಂತ ಕೇಳಬಹುದು. ಪಕ್ಕದ ದ್ವೀಪಕ್ಕೆ ದೋಣಿಯೂ ಇದೆ. ವಿಷಯ ಏನೆಂದರೆ, ಈ ವಿಮಾನ ಸುಮ್ನೆ ಆ ಎರಡು ದ್ವೀಪಗಳ ನಡುವೆ ಓಡಾಡುವುದಿಲ್ಲ. ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ನಿಂದ ಹೊರಟು ದ್ವೀಪಗಳಲ್ಲಿ ಇಳಿದು ವಾಪಸ್ ಬರುತ್ತದೆ. ಎರಡು ನಿಮಿಷದ್ದು ನಡುವಿನ ಒಂದು ಸ್ಟಾಪ್ ಅಷ್ಟೇ. ಆಸ್ಪತ್ರೆ, ದೊಡ್ಡ ಶಾಲೆ, ಕಚೇರಿ ಎಲ್ಲ ಇರುವುದು ಕರ್ಕ್‌ವಾಲ್‌ನಲ್ಲಿ. ಅಲ್ಲಿಂದ ವೆಸ್ಟ್ರೇಗೆ ಹಡಗಿನಲ್ಲಿ ಒಂದೂವರೆ ಗಂಟೆ ಹತ್ತಿರ ಬೇಕು, ವಿಮಾನದಲ್ಲಿ ಕಾಲು ಗಂಟೆ. ಮೇಷ್ಟ್ರು, ಡಾಕ್ಟರು, ರೋಗಿಗಳು ಇದನ್ನೇ ನೆಚ್ಚಿಕೊಂಡಿದ್ದಾರೆ. ಎಂಟು ಸೀಟಿನ ಟಿಕೆಟ್ ದುಡ್ಡಿನಲ್ಲಿ ಖರ್ಚು ಗಿಟ್ಟುವುದಿಲ್ಲ, ಆದ್ದರಿಂದ ಆರ್ಕ್ನಿಯ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಹಣ ಹಾಕುತ್ತದೆ. ಅದು ಸರಿಯೆಂದೇ ನನಗನ್ನಿಸುತ್ತದೆ. ಪ್ರಶ್ನೆಗಳಿದ್ದರೆ ಕೇಳಿ.